ಮಂಡಿ ಹೋದ್ರೆ ಯಾರು ನೋಡ್ಕೋತಾರೆ?

1/9

ಹೋದ ವಾರ ಒಂದು ಫೋಟೋ ಕೆಳಗೆ ನೀವು ಹಾಕಿರೋ ಕಾಮೆಂಟ್‌ಗಳನ್ನ ಓದ್ತಾ ಕೂತಿದ್ದೆ. ನಾನು ಓದಿದ ಪಿಯು ಕಾಲೇಜಿನ ಕಬಡ್ಡಿ ಹುಡುಗಿ, ಈ ವರ್ಷದ ರೈಡರ್. ಅವಳಿಗೆ ದೊಡ್ಡ ಕಾಲೇಜೊಂದರಿಂದ ಫ್ರೀ ಸೀಟಿನ ಆಫರ್ ಬಂದಿದೆ ಅಂತ ಸುದ್ದಿ ಹಬ್ಬಿದ್ದೇ ತಡ, ಶುರುವಾಯ್ತು ನೋಡಿ. "ಊರು ಮರ್ತೋಯ್ತಾ ತಾಯಿ?" "ದುಡ್ಡು ಕಂಡ್ರೆ ಎಲ್ಲಾ ಅಷ್ಟೇ." "ಬೆಳೆಸಿದ್ದು ನಾವು, ಬೆಳೆ ಕುಯ್ಯೋದು ಅವ್ರು."

ಕೊನೇ ಡೈಲಾಗ್ ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಬೆಳೆಸಿದ್ದು ನಾವು ಅಂದ್ರಲ್ಲ, ಯಾರು ಆ ನಾವು?

ಯಾರನ್ನೋ ಬೈಯೋಕೆ ಬರೀತಿಲ್ಲ. ಮೂರು ವರ್ಷದ ಹಿಂದೆ ಇಂಥದ್ದೇ ಕಾಮೆಂಟ್‌ನ ಇನ್ನೊಬ್ಬ ಹುಡುಗಿಗೆ ನಾನೇ ಹಾಕಿದ್ದೆ. ಅವಳಿಗೆ ಮುಂದೆ ಏನಾಯ್ತು ಅಂತ ನಿಮಗೆ ಹೇಳ್ಬೇಕು. ಅವಳನ್ನ ಕೇಳಿಯೇ ಬರೀತಿದೀನಿ. "ಹೆಸರು ಬೇಡ, ಊರೂ ಬೇಡ, ಮಿಕ್ಕಿದ್ದು ಬರ್ಕೋ" ಅಂದ್ಲು. ಹಾಗಾಗಿ ಮಧುಗಿರಿನೋ ಸಿರಾನೋ ಕೊರಟಗೆರೆನೋ ಪಾವಗಡನೋ ಅಂತ ಕೇಳ್ಬೇಡಿ. ನಾಲ್ಕರಲ್ಲಿ ಒಂದು. ಯಾವುದೇ ಆದ್ರೂ ಕತೆ ಹೆಚ್ಚುಕಮ್ಮಿ ಒಂದೇ. ನಮ್ಮ ಕ್ಲಾಸಿನವರಿಗೆ ಗೊತ್ತಿರುತ್ತೆ. ದಯವಿಟ್ಟು ಕಾಮೆಂಟಲ್ಲಿ ಹೆಸರು ಹಾಕ್ಬೇಡಿ, ಟ್ಯಾಗ್ ಮಾಡ್ಬೇಡಿ.

ಜೆರ್ಸಿ ನಂಬರ್ 7. ಅವಳನ್ನ ಏಳು ಅಂತಲೇ ಕರೀತೀನಿ.

2/9

ಆಗ ನಾವು ಸೆಕೆಂಡ್ ಪಿಯು. ಜಿಲ್ಲಾ ಮಟ್ಟದ ಪಿಯು ಕಬಡ್ಡಿ, ತುಮಕೂರಲ್ಲಿ. ಸೆಮಿಫೈನಲ್‌ಗೆ ನಮ್ಮೆದುರು ಬಂದಿದ್ದು ಸಿಟಿಯ ಒಂದು ದೊಡ್ಡ ಖಾಸಗಿ ಕಾಲೇಜು. ಅವರಿಗೆ ಸ್ವಂತ ಮ್ಯಾಟ್, ಸ್ವಂತ ಕೋಚ್. ನಮಗೆ ಎಕನಾಮಿಕ್ಸ್ ಸರ್. ಅವರು ಕಾಲೇಜಲ್ಲಿದ್ದಾಗ ಕಬಡ್ಡಿ ಆಡಿದ್ದವರು, ಅಷ್ಟೇ ನಮ್ಮ ಕೋಚಿಂಗು.

ನಮ್ಮ ಹುಡುಗೀರು ಅಲ್ಲೀವರೆಗೂ ಆಡಿದ್ದು ಮಣ್ಣಲ್ಲಿ, ಬರಿಗಾಲಲ್ಲಿ. ಮ್ಯಾಟ್ ಮೇಲೆ ಬರಿಗಾಲು ಆಗಲ್ಲ, ತಿರುಗಿದ ಕಡೆ ಚರ್ಮ ಕಿತ್ತು ಬರುತ್ತೆ. ಏಳು ಜನ ಕೋರ್ಟಲ್ಲಿರ್ಬೇಕು, ಸರಿಯಾದ ಶೂ ಇದ್ದಿದ್ದು ಐದು ಜೊತೆ. ಉಳಿದ ಎರಡು ಜೊತೆ ಅವತ್ತು ಬೆಳಿಗ್ಗೆ ಸೋತು ಮನೆಗೆ ಹೊರಟಿದ್ದ ಬೇರೆ ತಾಲ್ಲೂಕಿನ ಟೀಮಿಂದ ಇಸ್ಕೊಂಡಿದ್ದು. ಆ ಹುಡುಗೀರು ಶೂ ಕೊಟ್ಟು, ಬಸ್ಸು ಬಿಟ್ಟು, ನಮಗೋಸ್ಕರ ಕೂಗ್ತಾ ಕೂತ್ರು.

ಕೊನೇ ಒಂದು ನಿಮಿಷ. ಅವರು 28, ನಾವು 26. ಕೋರ್ಟಲ್ಲಿ ನಮ್ಮವರು ಮೂರೇ ಜನ. ಅವರ ಮೇನ್ ರೈಡರ್ ಒಳಗೆ ಬಂದ್ಲು. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಹಿಡಿದ್ರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಅದು ಅವಳಿಗೂ ಗೊತ್ತು, ಸುಮ್ನೆ ಟೈಮ್ ಕಳೆದು ವಾಪಸ್ ಹೋಗ್ಬಹುದಿತ್ತು. ಹೋಗ್ಲಿಲ್ಲ. ನಮ್ಮ ಎಡಗಡೆ ಕಾರ್ನರ್ ಹುಡುಗಿ ಬಗ್ಗಿ ಪಾದ ಹಿಡಿದ್ಲು. ಮಿಕ್ಕ ಇಬ್ಬರೂ ಮೇಲೆ ಬಿದ್ರು. 28-28.

ಆಮೇಲೆ ಏಳು ರೈಡಿಗೆ ಹೋದ್ಲು. ನೀವು ಮೈದನಹಳ್ಳಿ ಕಡೆ ಕೃಷ್ಣಮೃಗ ನೋಡಿದೀರಲ್ಲ, ನಿಂತಂಗೇ ಇರುತ್ತೆ, ಕಣ್ಣು ಮಿಟುಕಿಸೋದ್ರಲ್ಲಿ ಇನ್ನೆಲ್ಲೋ ಇರುತ್ತೆ. ಹಂಗೆ. ಬೋನಸ್‌ಗೆ ಹೋದಂಗೆ ಮಾಡಿ ಕಾರ್ನರ್‌ಗೆ ಕಾಲ್ಬೆರಳು ತಾಗಿಸಿ ತಿರುಗಿದ್ಲು. ಅವಳು ಗೆರೆ ಮುಟ್ಟಿದಾಗ ಅಂಪೈರ್ ಒಂದು ಬೆರಳು ಎತ್ತಿದ್ರು. 29-28.

ಎಕನಾಮಿಕ್ಸ್ ಸರ್ ಅತ್ಬಿಟ್ರು. ಫೈನಲಲ್ಲಿ 14 ಪಾಯಿಂಟ್‌ಗೆ ಸೋತ್ವಿ. ಅದನ್ನ ಯಾರೂ ರೀಲ್ ಮಾಡ್ಲಿಲ್ಲ.

3/9

ಈಗ ಒಂದು ಲೆಕ್ಕ. ಅವತ್ತು ನಮ್ಮ ಕಾಲೇಜಿಂದ ಮ್ಯಾಚ್ ನೋಡೋಕೆ ಹೋಗಿದ್ದವರು ಎಷ್ಟು ಜನ? ಹನ್ನೊಂದು. ಎಣಿಸಿ ಹೇಳ್ತಿದೀನಿ. ಒಂದೇ ಬಸ್ಸಲ್ಲಿ ಹೋಗಿದ್ವಿ, ಒಂದೇ ಬಸ್ಸಲ್ಲಿ ನಿಂತ್ಕೊಂಡು ವಾಪಸ್ ಬಂದ್ವಿ.

ಮಾರನೇ ದಿನ ಅದೇ ರೈಡಿನ ಹನ್ನೆರಡು ಸೆಕೆಂಡ್ ವಿಡಿಯೋ ಇಡೀ ತಾಲ್ಲೂಕಿನ ಸ್ಟೇಟಸ್ಸಲ್ಲಿ. ಹಿಂದೆ ಸಿನಿಮಾ ಮ್ಯೂಸಿಕ್. "ನಮ್ಮೂರ ಹುಲಿ", "ನಮ್ಮ ಹೆಮ್ಮೆ", "ನಮ್ಮ ತಾಲ್ಲೂಕ್ ತಾಕತ್ತು". ನಮ್ಮ, ನಮ್ಮ, ನಮ್ಮ.

ಸರಿ, ಖುಷಿ ಪಡ್ಬಾರ್ದು ಅಂತಲ್ಲ. ನಾನೂ ಹಾಕ್ಕೊಂಡಿದ್ದೆ. ಆದ್ರೆ ಆ ಖುಷಿ ಆದ ಮೇಲೆ ನಾವು ಮಾಡಿದ್ದೇನು? ಗ್ರೌಂಡಲ್ಲಿ ಬಿದ್ದಿದ್ದ ಕಲ್ಲು ಆರಿಸಿದ್ವಾ? ಎರಡು ಜೊತೆ ಶೂಗೆ ದುಡ್ಡು ಸೇರಿಸಿದ್ವಾ? ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಹಳ್ಳಿ ಹುಡುಗೀರು ಲಾಸ್ಟ್ ಬಸ್ಸಿಗೆ ಓಡ್ತಿದ್ರು, ಪಾವಗಡ ಕಡೆ ಬಿಸಿಲು ಇಳಿಯೋದೇ ಐದೂವರೆಗೆ, ಪ್ರಾಕ್ಟೀಸ್ ಸಿಗ್ತಿದ್ದಿದ್ದು ಮುಕ್ಕಾಲು ಗಂಟೆ. ಅದಕ್ಕೆ ಏನಾದ್ರೂ ಮಾಡಿದ್ವಾ?

ನಿಜ ಹೇಳ್ಬೇಕಂದ್ರೆ ನಮ್ಮ ಕಡೆ ಹುಡುಗೀರ ಕಬಡ್ಡಿಗೆ ಆಮೇಲೆ ಏನಾದ್ರೂ ಸಹಾಯ ಆಗಿದ್ರೆ ಅದು ಕಬಡ್ಡಿಗಂತ ಬಂದಿದ್ದಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಹೆಂಗಸರಿಗೆ ಬಸ್ ಫ್ರೀ, ಅವತ್ತಿಂದ ಭಾನುವಾರವೂ ಪ್ರಾಕ್ಟೀಸ್‌ಗೆ ಬರ್ತಾರೆ. ಮುಂಚೆ ಭಾನುವಾರ ಬಾ ಅಂದ್ರೆ ಮನೇಲಿ ಬಸ್ ಚಾರ್ಜ್ ಯಾರು ಕೊಡ್ತಾರೆ? ಒಂದು ಟಿಕೆಟ್ ಮಾಡಿದಷ್ಟನ್ನ ನಾವು ಇಷ್ಟು ಜನ ಫ್ಯಾನ್ಸ್ ಸೇರಿ ಮಾಡಿಲ್ಲ.

4/9

ಆ ಮ್ಯಾಚಾಗಿ ಮೂರು ವಾರಕ್ಕೆ ಏಳು ಮನೆಗೆ ಒಬ್ಬರು ಬಂದ್ರು. ಒಳ್ಳೇ ಟೀ-ಶರ್ಟು, ವಿಸಿಟಿಂಗ್ ಕಾರ್ಡು. ದೂರದ ಒಂದು ಖಾಸಗಿ ಡಿಗ್ರಿ ಕಾಲೇಜಿನವರು. ಕಾಲೇಜಿನ ಹೆಸರು ಹೇಳಲ್ಲ, ಕರಾವಳಿ ಕಡೇದಲ್ಲ ಅಂತ ಮಾತ್ರ ಹೇಳ್ತೀನಿ.

"ಫೀಸ್ ಇಲ್ಲ, ಹಾಸ್ಟೆಲ್ ಫ್ರೀ, ಊಟ ಫ್ರೀ, ಕಿಟ್ ನಮ್ದು. ಬೆಳಿಗ್ಗೆ ಮೊಟ್ಟೆ ಹಾಲು. ನ್ಯಾಷನಲ್ ಆಡಿಸ್ತೀವಿ. ಆಮೇಲೆ ರೈಲ್ವೆನೋ ಪೊಲೀಸೋ, ಕೆಲಸ ಗ್ಯಾರಂಟಿ."

ಅವರಪ್ಪ ಹುಣಸೆ ಮರ ಗುತ್ತಿಗೆ ಹಿಡಿಯೋರು. ಸೀಸನ್ನಲ್ಲಿ ಹಣ್ಣು ಬಡಿದು ಮಾರಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಮೊಟ್ಟೆ ಹಾಲು ಅಂದಿದ್ದಕ್ಕೇ ಅವರಮ್ಮ ಒಪ್ಕೊಂಡ್ರಂತೆ. ಪಿಯು ರಿಸಲ್ಟ್ ಬಂದ ವಾರ ಏಳು ಹೊರಟ್ಲು.

ನಾವೇನು ಮಾಡಿದ್ವಿ? ನಮ್ಮೂರ ಹುಲಿ ಅಂದಿದ್ದ ಬಾಯಲ್ಲೇ ಬೈದ್ವಿ. ನಾನು ಹಾಕಿದ್ದ ಕಾಮೆಂಟ್ ಇನ್ನೂ ನೆನಪಿದೆ: "ಮಣ್ಣಲ್ಲಿ ಕಲ್ತು ಮ್ಯಾಟಿಗೆ ಮಾರ್ಕೊಂಡ್ಳು." ಅರವತ್ತೋ ಎಪ್ಪತ್ತೋ ಲೈಕ್ ಬಂದಿತ್ತು. ಒಳ್ಳೇ ಲೈನ್ ಬರೆದೆ ಅಂತ ಎರಡು ದಿನ ಬೀಗಿದ್ದೆ.

ಅವಳು ರಿಪ್ಲೈ ಮಾಡ್ಲಿಲ್ಲ. ಕಾಮೆಂಟಿಗೆ ಒಂದು ಲೈಕ್ ಹಾಕಿ ಸುಮ್ಮನಾದ್ಲು. ಅದು ನನಗೆ ಬೈದಿದ್ದಕ್ಕಿಂತ ಜಾಸ್ತಿ ನಾಟಿದೆ. ಆದ್ರೆ ಆಗ ಅಲ್ಲ, ಈಗ.

5/9

ಎರಡನೇ ಸೆಮಿಸ್ಟರ್. ಪ್ರಾಕ್ಟೀಸ್ ಮ್ಯಾಚಲ್ಲಿ ರೈಡಿಗೆ ಹೋಗಿ ತಿರುಗೋವಾಗ ಕಾಲು ನಿಂತಲ್ಲೇ ನಿಂತು ಮೈ ಮಾತ್ರ ತಿರುಗ್ತು. ಯಾರೂ ಮುಟ್ಟಿರ್ಲಿಲ್ಲ. "ಟಪ್ ಅಂತ ಒಂದು ಸದ್ದು ನನಗೇ ಕೇಳಿಸ್ತು ಕಣೋ" ಅಂದ್ಲು. ಮಂಡಿಯ ಎಸಿಎಲ್. ಮಂಡಿ ಒಳಗೆ ಎರಡು ಮೂಳೆ ಹಿಡಿದಿಟ್ಟಿರೋ ಕಟ್ಟು ಅದು. ಓಡೋದು, ನಿಲ್ಲೋದು, ತಿರುಗೋದು ಇರೋ ಎಲ್ಲಾ ಆಟದಲ್ಲೂ ಬರೋ ಗಾಯ. ಹುಡುಗರಿಗಿಂತ ಹುಡುಗೀರಿಗೆ ಹೆಚ್ಚು. ಆಪರೇಷನ್ ಆದ್ರೂ ವಾಪಸ್ ಆಡೋಕೆ ಒಂಬತ್ತು ತಿಂಗಳು, ಒಂದು ವರ್ಷ ಬೇಕು. ದಿನಾ ಫಿಸಿಯೋಥೆರಪಿ ಬೇಕು.

ಕಾಲೇಜಿನವರು ಮೊದಲನೇ ಸ್ಕ್ಯಾನ್ ಮಾಡಿಸಿದ್ರು. ಆಪರೇಷನ್ನಿಗೆ "ಮನೆಯವರನ್ನ ಕರ್ಸು" ಅಂದ್ರು. ಅವರಪ್ಪ ಸಾಲ ಮಾಡಿ ಮಾಡಿಸಿದ್ರು. ಮೂರನೇ ಸೆಮಿಸ್ಟರ್‌ಗೆ ಕುಂಟ್ಕೊಂಡು ಹೋದ್ರೆ ಹಾಸ್ಟೆಲ್ ರೂಮಲ್ಲಿ ಬೇರೆ ಹುಡುಗಿ. ಆಫೀಸಲ್ಲಿ ಕೇಳಿದ್ರೆ, "ಸ್ಪೋರ್ಟ್ಸ್ ಸೀಟ್ ಆಡೋರಿಗೆ ಅಮ್ಮಾ. ನೀನು ಓದೋದಿದ್ರೆ ಓದು, ಫೀಸ್ ಕಟ್ಟಿ ಓದು." ಹಾಸ್ಟೆಲ್ ಸೇರಿ ವರ್ಷಕ್ಕೆ ಲಕ್ಷದ ಮೇಲೆ. ಬಿಟ್ಟು ಹೋಗ್ತೀನಿ ಅಂದ್ಲು. ಹಾಗಾದ್ರೆ ಹೋದ ವರ್ಷದ ಫೀಸ್ ಕಟ್ಟಿ ಹೋಗು, ಅಲ್ಲೀವರೆಗೆ ಮಾರ್ಕ್ಸ್ ಕಾರ್ಡ್ ಕೊಡಲ್ಲ ಅಂದ್ರು.

ಅವಳು ಮನೆಗೆ ಬಂದ್ಲು. ಒಂದು ವರ್ಷ ಸುಮ್ನೆ ಹೋಯ್ತು. ಅವಳನ್ನ ನಾನು ನೋಡಿದ್ದು ಬಸ್ ಸ್ಟ್ಯಾಂಡಲ್ಲಿ, ಮೆಟ್ಟಿಲು ಹತ್ತೋಕೆ ಕಂಬಿ ಹಿಡ್ಕೊಂಡು ಯೋಚನೆ ಮಾಡ್ತಾ ನಿಂತಿದ್ಲು. ನನ್ನ ನೋಡಿ ನಕ್ಕು, "ಮಣ್ಣಿಗೇ ವಾಪಸ್ ಬಂದೆ ನೋಡು" ಅಂದ್ಲು. ಕಾಮೆಂಟ್ ಅವಳಿಗೂ ನೆನಪಿತ್ತು.

ಅವರಪ್ಪ ಹೇಳಿದ ಮಾತು ಇದು. "ಮರ ಗುತ್ತಿಗೆ ಹಿಡಿಯೋವಾಗ್ಲೂ ಗಾಳಿ ಮಳೆಗೆ ಕಾಯಿ ಉದುರಿದ್ರೆ ನಷ್ಟ ಯಾರ್ದು ಅಂತ ಮೊದ್ಲೇ ಮಾತಾಡ್ಕೋತೀವಿ ಕಣಪ್ಪ. ಮಗಳ ವಿಷ್ಯದಲ್ಲಿ ಕೇಳ್ಲೇ ಇಲ್ಲ ನೋಡು ನಾನು."

6/9

ನಾವು ಬಿಕಾಂನವರು ಈ ಮಾತಿಗೆ ಒಂದು ಹೆಸರು ಓದಿದೀವಿ. ಕಂಟಿಂಜೆಂಟ್ ಲಯಬಿಲಿಟಿ. ಈಗ ಇಲ್ಲ, ಆದ್ರೆ ಏನಾದ್ರೂ ಆದ್ರೆ ತಲೆ ಮೇಲೆ ಬೀಳೋ ಹೊಣೆ. ಬ್ಯಾಲೆನ್ಸ್ ಶೀಟಿನ ಒಟ್ಟು ಮೊತ್ತದಲ್ಲಿ ಅದು ಕಾಣಲ್ಲ, ಕೆಳಗೆ ಸಣ್ಣ ಅಕ್ಷರದ ನೋಟಲ್ಲಿ ಇರುತ್ತೆ. ಪರೀಕ್ಷೇಲಿ ಅದನ್ನ ಬರೀದಿದ್ರೆ ಮಾರ್ಕ್ಸ್ ಕಟ್. ಫ್ರೀ ಸೀಟ್ ಅನ್ನೋದ್ರಲ್ಲಿ ಮಂಡಿನೇ ಆ ನೋಟು. ಆಟಗಾರ್ತಿಯ ಮಂಡಿ ಹೋದ್ರೆ ಖರ್ಚು ಯಾರದು ಅನ್ನೋದನ್ನ ಯಾರೂ ಬರೆದಿರಲ್ಲ. ಬರೆದಿಲ್ಲ ಅಂದ್ರೆ ಖರ್ಚು ಇಲ್ಲ ಅಂತಲ್ಲ, ಹುಡುಗಿ ಅಪ್ಪನ ಲೆಕ್ಕಕ್ಕೆ ಬಂತು ಅಂತ ಅರ್ಥ.

ಇನ್ನೂ ಎರಡು ವಿಷಯ. ಇವು ನಮಗೆ ಗೊತ್ತಿರಬೇಕಾದವು, ಗೊತ್ತಿದ್ದೂ ಯಾರಿಗೂ ಹೇಳ್ದೇ ಇರೋವು.

ಒಂದು: ಪಿಯು ಮುಗಿಸಿದ ಹುಡುಗಿಗೆ ಎಷ್ಟೋ ಸಲ ಇನ್ನೂ 17. 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್, ಸೆಕ್ಷನ್ 11. 18 ತುಂಬದವರು ಒಪ್ಪಂದ ಮಾಡ್ಕೊಳ್ಳೋಕೆ ಬರಲ್ಲ. 1903ರ ಮೊಹೋರಿ ಬೀಬಿ ಕೇಸ್ ನೆನಪಿದೆಯಾ, ಬಾಯಿಪಾಠ ಮಾಡಿದ್ವಲ್ಲ? ಮೈನರ್ ಮಾಡಿದ ಒಪ್ಪಂದ ಮೊದಲಿಂದಲೇ ಊರ್ಜಿತ ಅಲ್ಲ ಅಂತ. ಹಂಗಾಗಿ "ಮೂರು ವರ್ಷ ಇಲ್ಲೇ ಆಡ್ತೀನಿ" ಅಂತ 17ರ ಹುಡುಗಿ ಹತ್ರ ಬಾಂಡ್ ಬರೆಸ್ಕೊಂಡು ಹೆದರಿಸಿದ್ರೆ ಹೆದರ್ಬೇಡಿ. ಅಪ್ಪ ಅಮ್ಮ ಹಾಕೋ ಸಹಿ ಮಾತ್ರ ಬೇರೆ ವಿಷಯ. ಅದಕ್ಕೇ ಅವರು ಓದಿ ಹಾಕ್ಬೇಕು, ಇಲ್ಲಾ ಓದಿದವರ ಕೈಲಿ ಓದಿಸಿ ಹಾಕ್ಬೇಕು.

ಎರಡು: ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳೋಕೆ ಕಾಲೇಜಿಗೆ ಹಕ್ಕಿಲ್ಲ. ಯುಜಿಸಿ 2018ರಲ್ಲೇ ಈ ಬಗ್ಗೆ ಅಧಿಸೂಚನೆ ಹೊರಡಿಸಿದೆ. ಅಡ್ಮಿಷನ್ ಟೈಮಲ್ಲಿ ಒರಿಜಿನಲ್ ನೋಡಿ, ಜೆರಾಕ್ಸ್ ಇಟ್ಕೊಂಡು ವಾಪಸ್ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್ಲಲ್ಲಿ ದೂರು ಕೊಡ್ಬಹುದು. ಏಳು ಹಂಗೇ ಮಾಡಿದ್ಲು, ನಮ್ಮ ಕ್ಲಾಸಿನ ಇಬ್ಬರು ಜೊತೆ ಕೂತು ಬರೆದ್ವಿ. ಮಾರ್ಕ್ಸ್ ಕಾರ್ಡ್ ಬಂತು. ಹೋದ ವರ್ಷ ಬರಲಿಲ್ಲ.

7/9

ಹೊರಗಡೆ ಹೇಗೆ ಅಂತ ಸ್ವಲ್ಪ ನೋಡಿ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ರೀಲ್ಸ್ ನಿಮ್ಮಲ್ಲಿ ಸುಮಾರು ಜನ ನೋಡ್ತೀರ. ಮಾರ್ಚ್ ತಿಂಗಳಲ್ಲಿ 68 ಟೀಮ್, ಒಂದು ಸೋತ್ರೆ ಮನೆಗೆ. 2018ರಲ್ಲಿ ಯುಎಂಬಿಸಿ ಅನ್ನೋ ಸಣ್ಣ ಯೂನಿವರ್ಸಿಟಿ, 16ನೇ ಶ್ರೇಯಾಂಕದ್ದು, 1ನೇ ಶ್ರೇಯಾಂಕದ ವರ್ಜೀನಿಯಾವನ್ನ 74-54ಕ್ಕೆ ಹೊಡೀತು. ಗಂಡುಮಕ್ಕಳ ಟೂರ್ನಿಯಲ್ಲಿ ಹಂಗಾಗಿದ್ದು ಅದೇ ಮೊದಲು. ಆ ಹುಚ್ಚು, ಆ ಕೂಗು, ನಮ್ಮ 29-28ಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಆದ್ರೆ ಅಲ್ಲೂ ಇದೇ ಮಂಡಿ ಪ್ರಶ್ನೆ ಇತ್ತು. 1973ರಿಂದ ಅಲ್ಲಿನ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಒಂದೊಂದೇ ವರ್ಷದ್ದು. ಮುಂದಿನ ವರ್ಷ ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು. 2013ರಲ್ಲಿ ಲೂಯಿವಿಲ್‌ನ ಕೆವಿನ್ ವೇರ್ ಅನ್ನೋ ಹುಡುಗನ ಕಾಲು ಟಿವಿ ಲೈವಲ್ಲೇ ಮುರೀತು, ಮೂಳೆ ಹೊರಗೆ ಬಂತು. ಆಡೋ ಹುಡುಗರ ಗಾಯಕ್ಕೆ ಯಾರು ಹೊಣೆ ಅಂತ ದೇಶವೆಲ್ಲಾ ಮಾತಾಡ್ತು. 2015ರಲ್ಲಿ ಅಲ್ಲಿನ ಐದು ದೊಡ್ಡ ಕಾನ್ಫರೆನ್ಸ್‌ಗಳು ವೋಟ್ ಹಾಕಿ ರೂಲ್ ಮಾಡಿದ್ವು. ಆಟದ ಕಾರಣ ಹೇಳಿ ಸ್ಕಾಲರ್‌ಶಿಪ್ ಕಿತ್ಕೊಳ್ಳೋ ಹಂಗಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರು, ಫೋಟೋದಿಂದ ದುಡ್ಡು ಮಾಡ್ಬಹುದು. 2025ರಲ್ಲಿ ಕಾಲೇಜುಗಳೇ ನೇರವಾಗಿ ಅವರಿಗೆ ದುಡ್ಡು ಕೊಡೋಕೆ ಕೋರ್ಟ್ ಒಪ್ಪಂದವೂ ಆಯ್ತು. ಅದ್ಯಾವುದೂ ತಾನಾಗೇ ಬರ್ಲಿಲ್ಲ. ಆಟಗಾರರು ಕೋರ್ಟಿಗೆ ಹೋದ್ರು, ಜನ ಪ್ರಶ್ನೆ ಕೇಳಿದ್ರು.

ನಮ್ಮ ಕಬಡ್ಡಿಗೇ ಬನ್ನಿ. 2018ರ ಏಷ್ಯನ್ ಗೇಮ್ಸ್, ಜಕಾರ್ತಾ. ಮಹಿಳಾ ಫೈನಲಲ್ಲಿ ಇರಾನ್ ನಮ್ಮನ್ನ 27-24ಕ್ಕೆ ಸೋಲಿಸ್ತು. ಗಂಡುಮಕ್ಕಳನ್ನ ಸೆಮಿಫೈನಲಲ್ಲೇ ಮನೆಗೆ ಕಳಿಸ್ತು. 1990ರಿಂದ ಒಂದೇ ಒಂದು ಚಿನ್ನ ಬಿಟ್ಟಿರದ ತಂಡ ಅದು! ಆ ಇರಾನ್ ಹುಡುಗೀರಿಗೆ ಕೋಚ್ ಯಾರು ಗೊತ್ತಾ? ಮಹಾರಾಷ್ಟ್ರದ ನಾಸಿಕ್‌ನ ಶೈಲಜಾ ಜೈನ್. ಅವರನ್ನ ದ್ರೋಹಿ ಅನ್ನೋದಾ? ಕಲಿತ ವಿದ್ಯೆಗೆ ಬೆಲೆ ಸಿಕ್ಕಿದ ಕಡೆ ಹೋದ್ರು. ಅವರು ಇಲ್ಲಿದ್ದಾಗ ನಾವು ಏನು ಕೊಟ್ವಿ ಅಂತ ಕೇಳ್ಕೊಳ್ಳೋದು ನಮ್ಮ ಕೆಲಸ.

8/9

ಈಗ ನೀವು ಹೇಳೋ ಮಾತು ನನಗೆ ಗೊತ್ತು. "ಹಂಗಾದ್ರೆ ಯಾರೂ ಹೋಗ್ಬಾರ್ದಾ?" ಹೋಗ್ಬೇಕು! ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯಂಥ ಹಳ್ಳಿಯಿಂದ ಹೋಗಿದ್ದಕ್ಕೇ ಮಮತಾ ಪೂಜಾರಿಗೆ ರೈಲ್ವೆ ಕೆಲಸ ಸಿಕ್ತು, 2010 ಮತ್ತು 2014ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಬಂತು, ಅರ್ಜುನ ಪ್ರಶಸ್ತಿ ಬಂತು. ಎಲ್ಲಾ ಕಾಲೇಜೂ ಏಳಿಗೆ ಸಿಕ್ಕಿದ ಕಾಲೇಜಿನಂಥವಲ್ಲ. ಮೂಡುಬಿದಿರೆಯ ಆಳ್ವಾಸ್ ಎಷ್ಟೋ ವರ್ಷದಿಂದ ಕ್ರೀಡಾಪಟುಗಳನ್ನ ದತ್ತು ತಗೊಂಡು ಊಟ, ವಸತಿ, ಓದು ಎಲ್ಲಾ ಕೊಡ್ತಿದೆ. ಅಲ್ಲಿಂದ ಬಂದವರು ದೇಶಕ್ಕೆ ಆಡಿದಾರೆ. ನಮ್ಮ ನಾಲ್ಕು ತಾಲ್ಲೂಕಲ್ಲಿ ಕೂತ್ಕೊಂಡು "ಹೋಗ್ಬೇಡ" ಅನ್ನೋಕೆ ನಮಗೆ ಬಾಯಿಲ್ಲ. ನಮ್ಮ ಹತ್ರ ಮ್ಯಾಟೇ ಇಲ್ಲ.

"ಇಷ್ಟೆಲ್ಲಾ ಪ್ರಶ್ನೆ ಕೇಳಿದ್ರೆ ಅವ್ರು ನಮ್ಮ ಹುಡುಗೀರನ್ನ ಕರೆಯೋದೇ ಬಿಡ್ತಾರೆ" ಅಂತ ಇನ್ನೊಬ್ಬರು ಹೇಳಿದ್ರು. ಇದು ಸುಳ್ಳು ಭಯ ಅಲ್ಲ. ಕೆಲವರು ಬಿಡಬಹುದು. ಆದ್ರೆ "ಗಾಯ ಆದ್ರೆ ಏನು ಮಾಡ್ತೀರ ಸಾರ್?" ಅಂತ ಅಪ್ಪ ಕೇಳಿದ್ದಕ್ಕೆ ಎದ್ದು ಹೋಗೋ ಮನುಷ್ಯ, ಗಾಯ ಆದ ದಿನ ನಿಲ್ತಾನಾ? ಅವನು ಮೊದಲೇ ಎದ್ದು ಹೋದ್ರೆ ಹುಡುಗಿಗೆ ಒಂದು ವರ್ಷ ಉಳೀತು.

ಕೇಳೋದು ದುರಾಸೆ ಅಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ರು. ಫೈನಲಲ್ಲಿ ನೇಪಾಳದ ಮೇಲೆ 78-40. ಗಂಡುಮಕ್ಕಳ ತಂಡದಲ್ಲಿ ನಮ್ಮ ಎಂ.ಕೆ. ಗೌತಮ್ ಇದ್ರು. ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿದಾಗ ಇಬ್ಬರೂ ಬೇಡ ಅಂದ್ರು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಕೊಟ್ಟಿತ್ತು. ಆಗಲೂ ಕೆಲವರು "ಕೊಟ್ಟಿದ್ದು ತಗೊಳ್ದೆ ಎಷ್ಟು ಸೊಕ್ಕು" ಅಂದ್ರು. ಹಳ್ಳಿಯಿಂದ ಬಂದವರು ಕೈ ಮುಗಿದು ತಗೋಬೇಕು, ಲೆಕ್ಕ ಕೇಳ್ಬಾರ್ದು ಅನ್ನೋ ಅಭ್ಯಾಸ ನಮಗೆ. ಬೇರೆಯವರಿಗಿಂತ ಮೊದಲು ನಾವೇ ನಮ್ಮ ಮಕ್ಕಳ ಬಾಯಿ ಮುಚ್ಚಿಸ್ತೀವಿ.

9/9

ಈ ವರ್ಷದ ಹುಡುಗಿ ವಿಷಯಕ್ಕೆ ಬರ್ತೀನಿ.

ಅವಳ ಮನೆಗೆ ಬಂದ ಪತ್ರ ನಾನು ಓದಿದೆ. ನಾನಾಗಿ ಕೇಳಿದ್ದಲ್ಲ, ಏಳುನೇ ಅವಳ ಅಪ್ಪನ ಹತ್ರ ಹೋಗಿ "ಸಹಿ ಹಾಕೋ ಮುಂಚೆ ಒಂದ್ಸಲ ತೋರ್ಸಿ ಮಾವ" ಅಂದಿದ್ಲು. ಒಂದು ಪುಟ. ಫ್ರೀ, ಫ್ರೀ, ಫ್ರೀ ಅಂತ ನಾಲ್ಕು ಕಡೆ ಇದೆ. ಕೊನೇಲಿ ಒಂದು ಸಾಲು: ಈ ಸೌಲಭ್ಯ ಪ್ರತಿ ವರ್ಷದ ಕ್ರೀಡಾ ಸಾಧನೆಗೆ ಒಳಪಟ್ಟಿರುತ್ತದೆ. ಅಷ್ಟೇ. ಆ ಸಾಲಿನ ಕನ್ನಡ ಅರ್ಥ: ಮಂಡಿ ಹೋದ್ರೆ ನೀನೂ ಹೋಗು.

ಏಳು ಮತ್ತು ನಾವು ಮೂವರು ಕೂತು ಐದು ಪ್ರಶ್ನೆ ಬರೆದು ಕೊಟ್ಟಿದೀವಿ. ಸೇವ್ ಮಾಡ್ಕೊಳ್ಳಿ. ನಿಮ್ಮ ತಂಗಿಗೋ ತಮ್ಮನಿಗೋ ಪಕ್ಕದ ಮನೆಯವರಿಗೋ ಬೇಕಾಗ್ಬಹುದು. ಕಬಡ್ಡಿನೇ ಆಗ್ಬೇಕಂತಿಲ್ಲ, ವಾಲಿಬಾಲ್, ಖೋ ಖೋ, ಓಟ, ಯಾವುದಕ್ಕೂ ಇವೇ.

ಒಂದು, ಫ್ರೀ ಅನ್ನೋದು ಎಷ್ಟು ವರ್ಷಕ್ಕೆ? ಮೂರೂ ವರ್ಷಕ್ಕಾದ್ರೆ ಕಾಗದದ ಮೇಲೆ ಹಾಗೆ ಬರೀರಿ.

ಎರಡು, ಆಡೋವಾಗ ಗಾಯ ಆದ್ರೆ ಸ್ಕ್ಯಾನ್, ಆಪರೇಷನ್, ಫಿಸಿಯೋ ಯಾರ ಖರ್ಚು? ಇನ್ಶೂರೆನ್ಸ್ ಇದ್ರೆ ಅದರ ಕಾರ್ಡ್ ಎಲ್ಲಿ?

ಮೂರು, ಆಡೋಕೆ ಆಗದೇ ಇದ್ರೂ ಡಿಗ್ರಿ ಮುಗಿಸೋವರೆಗೆ ಸೀಟ್, ಹಾಸ್ಟೆಲ್ ಇರುತ್ತಾ?

ನಾಲ್ಕು, ಮಧ್ಯದಲ್ಲಿ ಬಿಟ್ರೆ ಕಟ್ಬೇಕಾದ್ದು ಏನಾದ್ರೂ ಇದೆಯಾ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಡ್ಮಿಷನ್ ದಿನವೇ ವಾಪಸ್ ಕೊಡ್ತೀರಾ?

ಐದು, ಹೋದ ಮೂರು ವರ್ಷದಲ್ಲಿ ನೀವು ಕರ್ಕೊಂಡು ಹೋದ ಹುಡುಗೀರಲ್ಲಿ ಡಿಗ್ರಿ ಮುಗಿಸಿದವರು ಎಷ್ಟು ಜನ? ಅವರಲ್ಲಿ ಒಬ್ಬರ ಜೊತೆ ಮಾತಾಡಿಸ್ತೀರಾ?

ಕೊನೇ ಪ್ರಶ್ನೆ ಏಳು ಸೇರಿಸಿದ್ದು.

ಅವಳ ಅಪ್ಪ ಪ್ರಶ್ನೆಗಳನ್ನ ಕಳಿಸಿದಾರೆ. ಉತ್ತರ ಇನ್ನೂ ಬಂದಿಲ್ಲ. ಬರ್ಬಹುದು, ಬರದೇ ಇರ್ಬಹುದು. ಬಂದು, ಸರಿಯಾಗಿದ್ರೆ, ಅವಳು ಹೋಗ್ತಾಳೆ. ಹೋಗ್ಲಿ. ಆವಾಗ ನೀವು ಅವಳ ಫೋಟೋ ಕೆಳಗೆ "ಊರು ಮರ್ತೋಳು" ಅಂತ ಬರೆದ್ರೆ ನಾನು ಬಂದು ಈ ಒಂಬತ್ತು ಪೋಸ್ಟಿನ ಲಿಂಕ್ ಹಾಕ್ತೀನಿ.

ನನ್ನ ಹಳೇ ಕಾಮೆಂಟ್ ಡಿಲೀಟ್ ಮಾಡೋಣ ಅಂತ ಮೊನ್ನೆ ಹುಡುಕಿದೆ. ಏಳು ಬೇಡ ಅಂದ್ಲು. "ಇರ್ಲಿ ಬಿಡು, ಕೆಳಗೆ ಉತ್ತರ ಬರಿ" ಅಂದ್ಲು. ಇದೇ ಆ ಉತ್ತರ, ಮೂರು ವರ್ಷ ತಡವಾಗಿ.

ಅವಳು ಈಗ ನಮ್ಮೂರ ಡಿಗ್ರಿ ಕಾಲೇಜಲ್ಲೇ ಫಸ್ಟ್ ಇಯರ್, ನಮಗಿಂತ ಎರಡು ವರ್ಷ ಹಿಂದೆ. ಸಂಜೆ ಪಿಯು ಹುಡುಗೀರಿಗೆ ಕಬಡ್ಡಿ ಹೇಳ್ಕೊಡ್ತಾಳೆ. ಓಡೋಕಾಗಲ್ಲ, ಕುರ್ಚಿ ಹಾಕ್ಕೊಂಡು ಗೆರೆ ಪಕ್ಕ ಕೂತ್ಕೋತಾಳೆ. ಮೊದಲ ಹದಿನೈದು ನಿಮಿಷ ಬರೀ ನೆಗೆದು ಇಳಿಯೋದು, ತಿರುಗೋದು. ಮಂಡಿ ಒಳಗೆ ಬಾಗ್ಬಾರ್ದು ಅಂತ ಒಬ್ಬೊಬ್ಬರನ್ನೂ ನೋಡಿ ತಿದ್ದುತಾಳೆ. ಅದಾದ ಮೇಲೇನೇ ರೈಡು.

ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಪ್ರಾಕ್ಟೀಸ್ ಇದೆ. ಯಾವ ಗ್ರೌಂಡ್ ಅಂತ ನಮ್ಮವರಿಗೆ ಗೊತ್ತು. ಮೂಲೆಯಲ್ಲಿ ಜಲ್ಲಿ ಕಲ್ಲು ಬಿದ್ದಿದೆ, ಆರಿಸ್ಬೇಕು. ಶೂ ಇನ್ನೂ ಎರಡು ಜೊತೆ ಕಮ್ಮಿ ಇದೆ, ಸೈಜ್ 5 ಮತ್ತು 6. ಬೇರೆ ತಾಲ್ಲೂಕಿನವರು ನಿಮ್ಮ ನಿಮ್ಮ ಗ್ರೌಂಡಿಗೆ ಹೋಗಿ, ಅಲ್ಲೂ ಕಲ್ಲು ಇದ್ದೇ ಇರುತ್ತೆ. ಫೋನ್ ಜೇಬಲ್ಲಿಟ್ಕೊಂಡು ಬನ್ನಿ.